ನಮ್ಮ ಸಂಸ್ಕೃತಿ ಉಳಿಯಬೇಕಾದರೆ ಹೊರಗಿನವರಿಗೆ ಮಿತಿ ಹಾಕಬೇಕಾ?

ಸಂಸ್ಕೃತಿ ಬೇಕೋ ವೈವಿಧ್ಯ ಬೇಕೋ, ಒಂದನ್ನು ಹೇಳಿ ಅಂತ ಹಲವರು ಕೇಳುತ್ತಾರೆ. ಸಕಲೇಶಪುರದ ಹತ್ತಿರದ ನಮ್ಮೂರಲ್ಲಿ ನಾನೂ ಹೊರಗಿನವರಿಗೆ ಮಿತಿ ಹಾಕಬೇಕು ಅಂತ ಹೇಳಿಕೊಂಡು ಓಡಾಡಿದವನು.

ಕಾಫಿ ಕೊಯ್ಲಿಗೆ ಅಸ್ಸಾಮಿನವರು ಬಂದು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಗಳಲ್ಲಿ, ಉಳಿದುಕೊಂಡ ಮೇಲೆ ಸುಗ್ಗಿ ಹಬ್ಬಕ್ಕೂ ಬರತೊಡಗಿದರು. ಮೊದಲು ಸುಮ್ನೆ ನಿಂತು ನೋಡುತ್ತಿದ್ದರು, ಆಮೇಲೆ ಒಂದಿಬ್ಬರು ಹುಡುಗರು ಕುಣಿತಕ್ಕೂ ಸೇರಿಕೊಂಡರು. ನಾವು ಕೆಲವರು ಸಭೆ ಕರೆದೆವು. ಯಾರು ಕುಣಿಯಬಹುದು, ಯಾರು ಎಲ್ಲಿ ನಿಲ್ಲಬೇಕು, ಬರೀ ಇದೇ. ಪ್ರತಿ ವರ್ಷ ಸುಗ್ಗಿ ಹತ್ತಿರ ಬಂದಾಗಲೂ ಅದೇ ಜಗಳ.

ತಪ್ಪಾದದ್ದು ಇಲ್ಲೇ. ಸುಗ್ಗಿ ಪದ ಪೂರ್ತಿ ಬರುತ್ತಿದ್ದದ್ದು ಊರಲ್ಲಿ ಒಬ್ಬ ಅಜ್ಜನಿಗೆ ಮಾತ್ರ. ಅವರ ಹತ್ತಿರ ಕೂತು ಯಾರಾದರೂ ಕಲಿಯಲಿ ಅಂತ ಯಾವ ಸಭೆಯಲ್ಲೂ ಮಾತು ಬರಲಿಲ್ಲ. ಫೋನ್ ಎಲ್ಲರ ಕೈಯಲ್ಲೂ ಇತ್ತು, ರೆಕಾರ್ಡ್ ಮಾಡಲಿಲ್ಲ. ನನ್ನ ಮನೆಯಿಂದ ಅವರ ಮನೆ ಕೂಗಿದರೆ ಕೇಳುವಷ್ಟು ದೂರ, ನಾನೂ ಹೋಗಲಿಲ್ಲ. ಸಭೆಯಲ್ಲಿ ಜೋರಾಗಿ ಮಾತಾಡಿದಾಗಲೇ ಸಂಸ್ಕೃತಿಗೆ ಏನೋ ಮಾಡಿದೆ ಅನ್ನಿಸುತ್ತಿತ್ತಲ್ಲ, ಕಲಿಯುವ ಕೆಲಸ ಬಾಕಿ ಇದೆ ಅಂತ ಹೊಳೆಯಲೇ ಇಲ್ಲ. ಅಜ್ಜ ತೀರಿಕೊಂಡರು. ಈಗ ನಮಗೆ ಮೊದಲ ಕೆಲವು ಸಾಲು ಬರುತ್ತದೆ, ಆಮೇಲೆ ಸ್ಪೀಕರ್ ಹಾಕುತ್ತೇವೆ. ಇದರಲ್ಲಿ ಆ ಅಸ್ಸಾಮಿನ ಹುಡುಗರು ಕಳೆದದ್ದು ಒಂದು ಸಾಲೂ ಇಲ್ಲ.

ನಮ್ಮ ಜಿಲ್ಲೆಯದೇ ಶ್ರವಣಬೆಳಗೊಳದ 1368ರ ಶಾಸನ ಓದಿ. ಜೈನರಿಗೂ ವೈಷ್ಣವರಿಗೂ ಜಗಳವಾಗಿ ದೂರು ವಿಜಯನಗರದ ಅರಸ ಬುಕ್ಕರಾಯನ ಹತ್ತಿರ ಹೋಯಿತು. ಎರಡು ದರ್ಶನಕ್ಕೂ ಭೇದವಿಲ್ಲ ಅಂತ ಅವನು ತೀರ್ಪು ಕೊಟ್ಟ. ನನಗೆ ಹಿಡಿಸಿದ್ದು ಅದರ ಮುಂದಿನ ಭಾಗ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ (ಆಗಿನ ಒಂದು ನಾಣ್ಯ) ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರಿಗೆ 20 ಕಾವಲಿನವರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಉಳಿಸುವುದು ಅಂದರೆ ಹೀಗೆ ದುಡ್ಡು, ಆಳು, ಸುಣ್ಣ, ಅಲ್ವಾ? ಸಂವಿಧಾನದ 51ಎ ವಿಧಿ ಕೂಡ ಪರಂಪರೆ ಕಾಪಾಡುವುದು ನಾಗರಿಕರ ಕರ್ತವ್ಯ ಅನ್ನುತ್ತದೆ, ಅಲ್ಲಿ ಹೇಳಿರುವುದು ಹಲವು ಸೇರಿ ಆದ ಸಂಸ್ಕೃತಿಯ ಪರಂಪರೆ. ಟಿವಿ ಚರ್ಚೆಯಲ್ಲಿ ಕೂಗಾಡುವ ಎರಡೂ ಕಡೆಯವರು ಇದನ್ನು ಜಾಸ್ತಿ ಹೇಳುವುದಿಲ್ಲ.

ಹಾಗಂತ ಬಂದವರು ಊರ ಕಟ್ಟುಪಾಡು ಮೀರಬಹುದು ಅಂತಲ್ಲ. ಸುಗ್ಗಿ ಸಾರು ಹಾಕಿದ ಮೇಲೆ, ಅಂದರೆ ಹಬ್ಬ ಬಂತು ಅಂತ ಊರಿಗೆ ಸಾರಿದ ಮೇಲೆ, ಒಗ್ಗರಣೆ ಹಾಕಬಾರದು, ಹಸಿ ಮರ ಕಡಿಯಬಾರದು ಅಂತ ನಮ್ಮಲ್ಲಿದೆ. ಲೈನ್ ಮನೆಯವರಿಗೆ ಹೇಳಿದೆವು, ಪಾಲಿಸಿದರು. ಹೇಳದೇ ಇದ್ದಾಗ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಮಿತಿ ಎಷ್ಟಿರಬೇಕು ಅನ್ನೋ ಲೆಕ್ಕ ಬಿಡಿ. ನಿಮ್ಮೂರಲ್ಲಿ ಪದ ಬರುವವರು, ಪೂಜೆಯ ಕ್ರಮ ಗೊತ್ತಿರುವವರು, ಡೋಲು ಬಾರಿಸುವವರು ಯಾರಿದ್ದಾರೆ ನೋಡಿ, ಈ ಭಾನುವಾರವೇ ಹೋಗಿ ಕೂತು ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಲಿಯಲು ಲೈನ್ ಮನೆಯ ಹುಡುಗ ಬಂದರೆ ಅವನಿಗೂ ಕಲಿಸಿ.