ಹೀಲಿಯಂ ತುಂಬುವ ಕೊಳವೆಯಲ್ಲಿ ಐಸ್ ಕಟ್ಟಿದೆ, ಸರಳು ಹಾಕಿ ಕುಟ್ಟಿ ಒಡೆಯಬಹುದಾ?

ಬೇಡ, ದಯವಿಟ್ಟು ಸರಳು ಹಾಕಬೇಡಿ. ನಮ್ಮ ಲ್ಯಾಬಿನ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ನಲ್ಲೂ (ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟು ನಡೆಸುವ ಅಯಸ್ಕಾಂತ) ಟ್ರಾನ್ಸ್‌ಫರ್ ಲೈನ್, ಅಂದರೆ ಹೀಲಿಯಂ ತುಂಬಲು ಒಳಗೆ ಇಳಿಸುವ ಕೊಳವೆ, ಐಸಿಗೆ ತಾಗಿ ಹೀಗೇ ಅರ್ಧಕ್ಕೆ ನಿಂತಿತ್ತು. ನಾನು ಸ್ವಲ್ಪ ಒತ್ತಿದೆ. ಐಸ್ ಒಡೆಯಲಿಲ್ಲ, ಕೆಳಗೆ ಜರುಗಿ ಇನ್ನೂ ಬಿಗಿಯಾಗಿ ಕೂತಿತು. ತುಂಬಲು ದಾರಿಯೇ ಇಲ್ಲ, ಹೀಲಿಯಂ ಮಟ್ಟ ಇಳಿಯುತ್ತಲೇ ಹೋಯಿತು. ಕೊನೆಗೆ ಮ್ಯಾಗ್ನೆಟ್ ಕ್ವೆಂಚ್ ಆಯಿತು, ಅಂದರೆ ಬಿಸಿಯೇರಿ ಸೂಪರ್‌ಕಂಡಕ್ಟಿಂಗ್ ಗುಣ ಕಳೆದುಕೊಂಡಿತು.

ಆದರೆ ಎಡವಟ್ಟು ಆಗಿದ್ದು ಅವತ್ತಲ್ಲ, ಅದರ ಹಿಂದಿನ ಸಲ ಹೀಲಿಯಂ ತುಂಬಿದಾಗ. ಲೈನ್ ಹೊರಗೆಳೆದಾಗ ಪೋರ್ಟಿನ (ಲೈನ್ ಇಳಿಸುವ ಬಾಯಿಯ) ಓ-ರಿಂಗ್ ಮೇಲೆ, ಅಂದರೆ ಸೋರದಂತೆ ಹಾಕುವ ರಬ್ಬರ್ ಬಳೆಯ ಮೇಲೆ, ಹಿಮ ಹಿಡಿದಿತ್ತು. ಅಷ್ಟು ತಣ್ಣಗಾದ ರಬ್ಬರ್ ಸೆಟೆದು ನಿಲ್ಲುತ್ತದೆ, ಮುಚ್ಚಳ ಎಷ್ಟು ತಿರುಗಿಸಿದರೂ ಸೀಲ್ ಆಗುವುದಿಲ್ಲ. ಅದನ್ನು ಬೆಚ್ಚಗೆ ಮಾಡಿ, ಒರೆಸಿ, ಆಮೇಲೆ ಮುಚ್ಚಬೇಕಿತ್ತು. ನಾನು ಹಾಗೇ ಮುಚ್ಚಿ ಹೋದೆ. ಮರುದಿನ, ಆವಿಯಾಗಿ ಹೊರಹೋಗುವ ಹೀಲಿಯಂ ಅಳೆಯುವ ಫ್ಲೋ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸುತ್ತಿತ್ತು. ಹೀಲಿಯಂ ಕಡಿಮೆ ಆವಿಯಾಗುತ್ತಿದೆ, ಒಳ್ಳೇದೇ ಆಯಿತು ಅಂದುಕೊಂಡೆ. ಅಸಲಿಗೆ ಗ್ಯಾಸ್ ಮೀಟರಿನ ಕಡೆಗೆ ಹೋಗದೆ ಆ ಸಂದಿಯಿಂದ ಸೋರುತ್ತಿತ್ತು. ಅದೇ ಸಂದಿಯಲ್ಲಿ ಹೊರಗಿನ ಗಾಳಿ ಒಳಗಿಳಿಯುತ್ತಿತ್ತು. ಕೆಳಗೆ ಇರುವುದು 4.2 ಕೆಲ್ವಿನ್, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್. ನೀರಿನ ಆವಿ ಹಾಗಿರಲಿ, ನೈಟ್ರೋಜನ್ 63 ಕೆಲ್ವಿನ್‌ಗೇ ಗಟ್ಟಿಯಾಗುತ್ತದೆ, ಆಕ್ಸಿಜನ್ 54ಕ್ಕೆ. ಗಾಳಿಯೇ ಕೊಳವೆಗೆ ಬಿರಡೆ ಹಾಕಿತು.

ಅದಕ್ಕೇ ಹೇಳುತ್ತೇನೆ, ಯಾವುದರಿಂದ ಒಡೆಯಲಿ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಆವಿಯಾದ ಹೀಲಿಯಂ ಈಗ ಎಲ್ಲಿಂದ ಹೊರಗೆ ಹೋಗುತ್ತಿದೆ ಅಂತ ಮೊದಲು ನೋಡಿ. 1 ಲೀಟರ್ ದ್ರವ ಕೋಣೆಯ ಬಿಸಿಯಲ್ಲಿ ಸುಮಾರು 750 ಲೀಟರ್ ಗ್ಯಾಸ್ ಆಗುತ್ತದೆ. ಒತ್ತಡ ಹೆಚ್ಚಿದರೆ ತಾನೇ ತೆರೆದು ಗ್ಯಾಸ್ ಬಿಡುವ ರಿಲೀಫ್ ವಾಲ್ವ್ ಐಸಿನ ಆಚೆ ಬದಿಯಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ಎಲ್ಲ ದಾರಿಯೂ ಕಟ್ಟಿದೆ ಅನ್ನಿಸಿದರೆ ಏನನ್ನೂ ಮುಟ್ಟಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ನೀವೂ ಹೊರಗೆ ಬಂದು ತಯಾರಕರ ಸರ್ವಿಸ್‌ನವರಿಗೆ ಫೋನ್ ಮಾಡಿ. ಗ್ಯಾಸ್ ಒಮ್ಮೆಗೇ ನುಗ್ಗಿದರೆ ಕೋಣೆಯಲ್ಲಿ ಉಸಿರಾಡಲು ಆಕ್ಸಿಜನ್ ಉಳಿಯುವುದಿಲ್ಲ.

ಬೇರೆ ವೆಂಟ್ (ಗ್ಯಾಸ್ ಹೊರಹೋಗುವ ದಾರಿ) ಖಂಡಿತ ತೆರೆದಿದ್ದರೆ, ಇದರಲ್ಲಿ ಪಳಗಿದವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಅಯಸ್ಕಾಂತಕ್ಕೆ ಅಂಟದ ತೆಳ್ಳನೆಯ ಕೊಳವೆಯಲ್ಲಿ ಕೋಣೆಯ ಬಿಸಿಯ ಹೀಲಿಯಂ ಗ್ಯಾಸನ್ನು ಐಸಿನ ಮೇಲೆ ಮೆಲ್ಲಗೆ ಹಾಯಿಸಬೇಕು. ಒತ್ತಬಾರದು, ಕರಗಿದಷ್ಟೇ ಮುಂದಕ್ಕೆ ಇಳಿಸಬೇಕು. ಸಿಲಿಂಡರ್ ಕೈಗೆ ಸಿಕ್ಕಿತು ಅಂತ ನೈಟ್ರೋಜನ್ ಗ್ಯಾಸ್ ಬಿಡಬೇಡಿ, ಅದೂ ಒಳಗೆ ಹೆಪ್ಪುಗಟ್ಟುತ್ತದೆ. ಗಾಳಿಯ ಐಸ್ ಬೇಗ ಬಿಡುತ್ತದೆ, ನೀರಿನ ಐಸ್ ಜಾಸ್ತಿ ಹೊತ್ತು ತಿನ್ನುತ್ತದೆ.

ಇನ್ನು ಮುಂದೆ ಲೈನ್ ಇಳಿಸುವ ಮೊದಲು ಅದರೊಳಗಿನ ಗಾಳಿಯನ್ನು ಹೀಲಿಯಂ ಹಾಯಿಸಿ ಪೂರ್ತಿ ಓಡಿಸಿ. ಎರಡು ಪೋರ್ಟ್ ಒಟ್ಟಿಗೆ ತೆರೆಯಬೇಡಿ. ವೆಂಟ್‌ನಲ್ಲಿ ಗ್ಯಾಸನ್ನು ಹೊರಗೆ ಮಾತ್ರ ಬಿಡುವ ಒನ್-ವೇ ವಾಲ್ವ್ ಇರಲೇಬೇಕು. ತುಂಬಿದ ಮರುದಿನ ಫ್ಲೋ ನೋಡಿ. ಮಾಮೂಲಿಗಿಂತ ತುಂಬಾ ಕಡಿಮೆ ಇದ್ದರೆ ಲೀಕ್ ಇದೆ, ಇಲ್ಲವೇ ಐಸ್ ಕಟ್ಟುತ್ತಿದೆ. ಅವತ್ತೇ ಓ-ರಿಂಗ್ ಸರಿಯಾಗಿ ಕೂತಿದೆಯೇ ನೋಡಿ.