ಗ್ಯಾಪ್‌ಲೆಸ್ ರಿಂಗಿಗೂ ಗ್ಯಾಪ್ ಬೇಕೇ?

ಪ್ರಶ್ನೆ: ಟೊಯೋಟಾ 2ಜೆಝಡ್ ಟರ್ಬೊ ಎಂಜಿನ್‌ಗೆ ಗ್ಯಾಪ್‌ಲೆಸ್ ಪಿಸ್ಟನ್ ರಿಂಗ್ ಹಾಕಿಸುತ್ತಿದ್ದೇನೆ. ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಇಲ್ಲವೆಂದ ಮೇಲೆ ತುದಿಗಳಿಗೆ ಅರ ಹಾಕುವುದೇಕೆ?

ಉತ್ತರ: ಹೆಸರು ನೋಡಿ ಮೋಸಹೋಗಬೇಡಿ, ಗ್ಯಾಪ್ ಇದ್ದೇ ಇರುತ್ತದೆ. ಇದು ಎರಡು ತುಂಡಿನ ರಿಂಗ್. ಮುಖ್ಯ ರಿಂಗಿನ ಸಂದನ್ನು ತೆಳುವಾದ ರೈಲ್ ಮುಚ್ಚುತ್ತದೆ, ಅಷ್ಟೆ. ಬಿಸಿಗೆ ಎರಡೂ ಹಿಗ್ಗುತ್ತವೆ. ತುದಿಗಳು ಒಂದಕ್ಕೊಂದು ತಾಗಿದರೆ ಸಿಲಿಂಡರ್ ಗೋಡೆ ಗೀರಿಹೋಗುತ್ತದೆ, ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗ್ ಕೂರುವ ತೋಡುಗಳ ನಡುವಿನ ಅಂಚು) ಮುರಿಯುತ್ತದೆ.

ರಿಂಗನ್ನು ಬೋರಿಗೆ (ಸಿಲಿಂಡರಿನ ಒಳರಂಧ್ರಕ್ಕೆ) ಇಳಿಸಿ, ತಲೆಕೆಳಗಾದ ಪಿಸ್ಟನ್ನಿನಿಂದ 25 ಮಿ.ಮೀ. ನೇರವಾಗಿ ತಳ್ಳಿ, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ಗ್ಯಾಪ್ ಅಳೆಯಿರಿ. ಟರ್ಬೊಗೆ ಸಾಮಾನ್ಯ ಲೆಕ್ಕ ಬೋರಿನ ವ್ಯಾಸ ಗುಣಿಸು 0.006, ನಿಮ್ಮ 86 ಮಿ.ಮೀ.ಗೆ ಸುಮಾರು 0.52 ಮಿ.ಮೀ. ರೈಲಿಗೆ ತಯಾರಕರ ಹಾಳೆಯ ಅಳತೆಯೇ ಪ್ರಮಾಣ. ತುದಿಯ ಚೂಪನ್ನು ಉಜ್ಜಿ ತೆಗೆಯಿರಿ. ರಿಂಗ್, ರೈಲ್ ಎರಡರ ಸಂದುಗಳು ಎದುರುಬದುರು, 180 ಡಿಗ್ರಿಯಲ್ಲಿರಲಿ.

ಗ್ಯಾಪ್‌ಲೆಸ್ ಅನ್ನು ಮೇಲಿನ ರಿಂಗಿಗೇ ಹಾಕಿಸಿ. ಎರಡನೆಯದಕ್ಕೆ ಹಾಕಿದರೆ ನಡುವೆ ಸಿಕ್ಕಿದ ಒತ್ತಡ ಮೇಲಿನ ರಿಂಗನ್ನೇ ಎತ್ತಿ ಅದುರಿಸಬಹುದು, ಹೆಚ್ಚು ಆರ್‌ಪಿಎಂನಲ್ಲಂತೂ ಆ ಅಪಾಯ ಹೆಚ್ಚು. ಟಾರ್ಕ್ ಪ್ಲೇಟ್ (ಸಿಲಿಂಡರ್ ಹೆಡ್ ಬಿಗಿದಷ್ಟೇ ಒತ್ತಡ ಕೊಡುವ ದಪ್ಪ ಫಲಕ) ಬಿಗಿದು ಹೋನ್ ಮಾಡಿಸದಿದ್ದರೆ, ಅಂದರೆ ಬೋರನ್ನು ಕಲ್ಲಿನಿಂದ ಉಜ್ಜಿ ಸರಿಪಡಿಸದಿದ್ದರೆ, ಹೆಡ್ ಬಿಗಿದ ಮೇಲೆ ಬೋರ್ ಪೂರ್ತಿ ದುಂಡಗಿರುವುದಿಲ್ಲ. ಆಗ ಎಷ್ಟೇ ದುಬಾರಿ ರಿಂಗ್ ಹಾಕಿದರೂ ಗಾಳಿ ಸೋರುತ್ತದೆ.