ಹಡಗಿನವರ ತೆರಿಗೆ: ಒಂದು ದಿನದ ಲೆಕ್ಕ ತಪ್ಪಿದ ಲೇಖನಕ್ಕೆ ಉತ್ತರ

ನಮಸ್ಕಾರ,

ನೀವು ಕಳಿಸಿದ ‘ಹಡಗಿನವರಿಗೆ ತೆರಿಗೆ ಇಲ್ಲ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ವಿಷಯ ಬೇಕಾದದ್ದೇ. ಮಂಗಳೂರು, ಉಡುಪಿ, ಕಾರವಾರದ ಕಡೆ ವಿದೇಶಿ ಹಡಗಿಗೆ ಹೋಗುವವರ ಮನೆಗಳಲ್ಲಿ ರಿಟರ್ನ್ ತುಂಬುವ ಹೊತ್ತಿಗೆ, ಹಡಗಿನಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಇದೆಯೇ ಎಂಬ ಪ್ರಶ್ನೆ ಏಳುತ್ತದೆ. ಆದರೆ ಮೂರನೇ ಪುಟದಲ್ಲಿ ನೀವು ಬರೆದ ಒಂದು ಸಾಲನ್ನು ನಂಬಿದವರಿಗೆ ಇಡೀ ವರ್ಷದ ಸಂಬಳದ ಮೇಲೆ ತೆರಿಗೆ ಬೀಳಬಹುದು: ‘183 ದಿನ ಹೊರಗಿದ್ದರೆ ಸಾಕು, ಎನ್‌ಆರ್‌ಐ.’

ಸಾಲದು. ಆದಾಯ ತೆರಿಗೆ ಕಾಯ್ದೆ ಎಣಿಸುವುದು ಹೊರಗಿದ್ದ ದಿನಗಳನ್ನಲ್ಲ, ಭಾರತದಲ್ಲಿದ್ದ ದಿನಗಳನ್ನು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿದ್ದರೆ ನಿವಾಸಿ, ಹೊರಗಿನ ಸಂಬಳಕ್ಕೂ ಇಲ್ಲಿ ತೆರಿಗೆ ಬೀಳಬಹುದು; ಅನಿವಾಸಿ (ಎನ್‌ಆರ್‌ಐ) ಆಗಲು ಅದಕ್ಕಿಂತ ಕಡಿಮೆ ದಿನ ಇಲ್ಲಿರಬೇಕು. 365ರಲ್ಲಿ 183 ಕಳೆದರೆ ಉಳಿಯುವುದು ಸರಿಯಾಗಿ 182. ಆದ್ದರಿಂದ ಹೊರಗೆ 184 ದಿನ ಬೇಕು. ಫೆಬ್ರವರಿ 29 ಬರುವ 2023-24ರಂಥ ವರ್ಷದಲ್ಲಿ 185.

ಇದನ್ನು ತಾರೀಕು ಹಾಕಿ ತೋರಿಸಿ. ಒಬ್ಬ ಸೆಕೆಂಡ್ ಆಫೀಸರ್ 2024ರ ಮೇ 10ರಂದು ಪಣಂಬೂರಿನಲ್ಲಿ ವಿದೇಶಕ್ಕೆ ಹೊರಟ ಹಡಗು ಹತ್ತಿ, ನವೆಂಬರ್ 8ರಂದು ವಿದೇಶದಿಂದ ಬಂದ ಅದೇ ಹಡಗಿನಿಂದ ಕೊಚ್ಚಿಯಲ್ಲಿ ಇಳಿದರು, ವರ್ಷದ ಉಳಿದ ದಿನವೆಲ್ಲ ಊರಲ್ಲೇ ಇದ್ದರು ಎನ್ನಿ. ಹೊರಗಿದ್ದ ದಿನಗಳು ಮೇಯಲ್ಲಿ 22, ಜೂನ್‌ನಲ್ಲಿ 30, ಜುಲೈಯಲ್ಲಿ 31, ಆಗಸ್ಟ್‌ನಲ್ಲಿ 31, ಸೆಪ್ಟೆಂಬರ್‌ನಲ್ಲಿ 30, ಅಕ್ಟೋಬರ್‌ನಲ್ಲಿ 31, ನವೆಂಬರ್‌ನಲ್ಲಿ 8: ಒಟ್ಟು 183. ಅವರು ನಿವಾಸಿ. ನವೆಂಬರ್ 9ಕ್ಕೆ ಇಳಿದಿದ್ದರೆ ಅನಿವಾಸಿ. ನಿಮ್ಮ ಲೇಖನದ ಜೀವ ಈ ಒಂದು ದಿನದಲ್ಲಿದೆ. ಅಲೆ, ಸೂರ್ಯಾಸ್ತ, ಮನೆಯ ನೆನಪು ಎಂದು ಬರೆದ ಮೊದಲ ಎರಡು ಪುಟ ತೆಗೆದು ಈ ಲೆಕ್ಕದಿಂದಲೇ ಶುರು ಮಾಡಿ.

ಎರಡನೇ ತಪ್ಪು ದಾಖಲೆಯದು. ‘ಕಾಂಟ್ರ್ಯಾಕ್ಟ್ ತಾರೀಕಿನಿಂದ ಎಣಿಸಬೇಕು’ ಎಂದಿದ್ದೀರಿ. ಕಾಂಟ್ರ್ಯಾಕ್ಟ್‌ಗೆ ಮುಂಬೈಯ ಕಚೇರಿಯಲ್ಲಿ ಸಹಿ ಹಾಕಿ ಹತ್ತು ದಿನ ಹಡಗಿಗಾಗಿ ಕಾದರೆ ಆ ಹತ್ತೂ ದಿನ ಭಾರತದ ಲೆಕ್ಕಕ್ಕೇ. 1961ರ ಕಾಯ್ದೆಯಡಿ 2015ರಲ್ಲಿ ಬಂದ ನಿಯಮ 126ರ ಪ್ರಕಾರ, ಭಾರತದ ಬಂದರಿನಿಂದ ವಿದೇಶಕ್ಕೆ ಅಥವಾ ವಿದೇಶದಿಂದ ಭಾರತದ ಬಂದರಿಗೆ ಜನರನ್ನೋ ಸರಕನ್ನೋ ಸಾಗಿಸುವ ಹಡಗಾದರೆ, ಸಿಡಿಸಿಯಲ್ಲಿ (ನಾವಿಕರ ಸೇವಾ ದಾಖಲೆಯ ಪುಸ್ತಕ) ನಮೂದಾದ ಸೈನ್ ಆನ್ (ಹಡಗು ಸೇರಿದ) ದಿನದಿಂದ ಸೈನ್ ಆಫ್ (ಹಡಗು ಬಿಟ್ಟ) ದಿನದವರೆಗಿನ ಅವಧಿ ಭಾರತದ ವಾಸಕ್ಕೆ ಸೇರುವುದಿಲ್ಲ. ಆ ಎರಡೂ ದಿನ ಹೊರಗಿನ ಲೆಕ್ಕವೇ. ವಿಮಾನ ಹತ್ತಿ ಸಿಂಗಪುರದಲ್ಲಿ ಹಡಗು ಸೇರಿ, ವಿದೇಶದ ಬಂದರುಗಳ ನಡುವೆಯೇ ಓಡಾಡಿ ಬಂದವರಿಗೆ ಈ ನಿಯಮ ಬೇಕಾಗುವುದಿಲ್ಲ. ಅವರಿಗೆ ಪಾಸ್‌ಪೋರ್ಟಿನ ಮೊಹರೇ ಆಧಾರ. ಹೋದ ದಿನ, ಬಂದ ದಿನ ಎರಡನ್ನೂ ಭಾರತಕ್ಕೆ ಹಾಕಿಕೊಂಡು ಎಣಿಸುವುದು ಕ್ಷೇಮ ಎಂದು ಓದುಗರಿಗೆ ಹೇಳಿ. 182 ದಿನದ ಅಂಚಿನಲ್ಲಿ ನಿಂತವರಿಗೆ ಆ ಎರಡು ದಿನವೇ ಮುಳುವಾಗುತ್ತವೆ.

‘ಹಡಗಿನಲ್ಲಿದ್ದರೆ ಆಯಿತು’ ಎಂಬ ಮಾತನ್ನೂ ತೆಗೆಯಿರಿ. ಮಂಗಳೂರಿನಿಂದ ಮುಂಬೈಗೆ ಸರಕು ಒಯ್ಯುವ ಕರಾವಳಿ ಹಡಗಿನವರು, ಮುಂಬೈ ಹೈ ಎಣ್ಣೆಬಾವಿಗಳಿಗೆ ಸಾಮಾನು ಸಾಗಿಸುವವರು ತಿಂಗಳುಗಟ್ಟಲೆ ನೀರಿನ ಮೇಲಿದ್ದರೂ ಭಾರತದಲ್ಲೇ ಇದ್ದ ಲೆಕ್ಕ. ಅವರೂ ನಿಮ್ಮ ಲೇಖನ ಓದುತ್ತಾರೆ.

ಈ ವರ್ಷ 60 ದಿನ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿ ಎಂಬ 60 ದಿನದ ನಿಯಮ ಹೇಳಿ ಓದುಗರನ್ನು ಹೆದರಿಸಿದ್ದೀರಿ. ಉದ್ಯೋಗಕ್ಕೆಂದು ದೇಶ ಬಿಡುವ ಭಾರತೀಯ ಪ್ರಜೆಗೆ ಆ ವರ್ಷ 60ರ ಜಾಗದಲ್ಲೂ 182 ದಿನವೇ. ಬಾಡಿಗೆ, ಬಡ್ಡಿ ಎಂದು ಇಲ್ಲಿನ ಆದಾಯ 15 ಲಕ್ಷ ದಾಟಿದವರಿಗೆ ಮಾತ್ರ 2020ರ ತಿದ್ದುಪಡಿಯ ಬೇರೆ ನಿಯಮಗಳಿವೆ. ಒಂದು ಪ್ಯಾರಾ ಸಾಕು.

ಸಂಬಳ ಭಾರತದ ಬ್ಯಾಂಕಿಗೆ ಬಂದರೆ ತೆರಿಗೆ ಎಂಬ ನಿಮ್ಮ ಮಾತು ಹಳೆಯದು. ಕೇಂದ್ರ ನೇರ ತೆರಿಗೆ ಮಂಡಳಿಯ 2017ರ ಏಪ್ರಿಲ್ 11ರ ಸುತ್ತೋಲೆ 13ರ ಪ್ರಕಾರ, ಅನಿವಾಸಿ ನಾವಿಕ ವಿದೇಶಯಾನದ ಹಡಗಿನಲ್ಲಿ ಹೊರಗೆ ದುಡಿದ ಸಂಬಳ ಎನ್‌ಆರ್‌ಇ ಖಾತೆಗೆ (ಅನಿವಾಸಿಗಳು ವಿದೇಶದ ಗಳಿಕೆ ಇಡುವ ಇಲ್ಲಿನ ಬ್ಯಾಂಕ್ ಖಾತೆ) ಜಮೆಯಾಯಿತು ಎಂಬ ಒಂದೇ ಕಾರಣಕ್ಕೆ ತೆರಿಗೆ ಇಲ್ಲ. ಅದು ಎನ್‌ಆರ್‌ಇ ಖಾತೆಯ ಮಾತು; ಊರಿನ ಮಾಮೂಲಿ ಉಳಿತಾಯ ಖಾತೆಗೆ ಕಂಪನಿ ನೇರ ಹಣ ಹಾಕಿದರೆ ಈ ರಕ್ಷಣೆ ಹೇಳಲು ಬರುವುದಿಲ್ಲ. ಮನೆ ಬಾಡಿಗೆಗೆ ತೆರಿಗೆ ಹೇಗೂ ಇದೆ, ಮತ್ತು ಅನಿವಾಸಿ ತುಂಬಬೇಕಾದ ರಿಟರ್ನ್ ನಮೂನೆ ಐಟಿಆರ್-1 ಅಲ್ಲ, ಸಾಮಾನ್ಯವಾಗಿ ಐಟಿಆರ್-2.

ತಿದ್ದಿ ಕಳಿಸುವಾಗ ಯಾವ ಆರ್ಥಿಕ ವರ್ಷದ ಲೆಕ್ಕ ಎಂದು ಮೊದಲ ಪ್ಯಾರಾದಲ್ಲೇ ಬರೆಯಿರಿ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಬದಲು ಹೊಸ ಕಾಯ್ದೆ, ಕಲಮುಗಳ ಸಂಖ್ಯೆಯೂ ಬೇರೆ. ಸಿಡಿಸಿ ಪುಟದ ಚಿತ್ರ ಹಾಕುವುದಾದರೆ ಹೆಸರು, ಸಂಖ್ಯೆ ಮುಚ್ಚಿ, ಸೈನ್ ಆನ್, ಸೈನ್ ಆಫ್ ತಾರೀಕು ಮಾತ್ರ ಕಾಣಲಿ.

— ಸಂಪಾದಕ ಬಳಗ